ಕಾಂಗಡಾದ ದೇವೀಕ್ಷೇತ್ರಗಳು: ಯಾತ್ರಿಕರ ಇತಿಹಾಸಕ್ಕೆ ಕೆಲವು ಆಧಾರಗಳು

ದೇವಾಲಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಿಸಿದ ಅರಸನನ್ನೂ ಕೊಳ್ಳೆಹೊಡೆದ ಅರಸನನ್ನೂ ಹೆಸರಿಸಿ ವಿರಮಿಸುತ್ತಾರೆ. ಬೆಟ್ಟದ ದಾರಿ ನಡೆದು ಬಂದು, ಹರಕೆಯೊಪ್ಪಿಸಿ ಹಿಂದಿರುಗಿದ ಯಾತ್ರಿಕನಿಗೆ ಅಲ್ಲಿ ಸ್ಥಾನವಿಲ್ಲ; ಅವನು ಶಾಸನವನ್ನು ಬರೆಯಿಸಲಿಲ್ಲವಷ್ಟೆ. ಅವನ ಕುರುಹುಗಳು ಎಲ್ಲಿ ದೊರೆಯುತ್ತವೆಂಬುದನ್ನು, ಹಿಮಾಲಯದ ಧೌಲಾಧಾರ್ ಶ್ರೇಣಿಯ ಬುಡದಲ್ಲಿರುವ ಕಾಂಗಡಾ ಸೀಮೆಯ ಎರಡು ಕ್ಷೇತ್ರಗಳ ನಿದರ್ಶನದಿಂದ ನಾವು ಇಲ್ಲಿ ಪರಿಶೀಲಿಸುತ್ತೇವೆ.

ನಗರಕೋಟವೆಂದು ಪ್ರಸಿದ್ಧವಾಗಿದ್ದ ಕಾಂಗಡಾ ಪಟ್ಟಣದಲ್ಲಿ ವಜ್ರೇಶ್ವರೀ ದೇವಿಯನ್ನು ಪಿಂಡಿಯ ರೂಪದಲ್ಲಿ ಪೂಜಿಸುತ್ತಾರೆ. ಅದರ ದಕ್ಷಿಣಕ್ಕಿರುವ ಜ್ವಾಲಾಮುಖಿಯ ಗರ್ಭಗುಡಿಯಲ್ಲಿ ವಿಗ್ರಹವಿಲ್ಲ. ಬಂಡೆಯ ಬಿರುಕುಗಳಿಂದ ಹೊಮ್ಮುವ ಅನಿಲದ ಜ್ವಾಲೆಗಳನ್ನೇ ದೇವಿಯೆಂದು ಭಾವಿಸಿ ಯಾತ್ರಿಕರು ಕೈಮುಗಿಯುತ್ತಾರೆ.

1009ರಲ್ಲಿ ಘಜನಿಯ ಮಹಮೂದನು ನಗರಕೋಟದ ಸಂಪತ್ತನ್ನು ಸೂರೆಗೊಂಡನು. ಆಗಿನ ಬರಹಗಾರರು ಎಣಿಸಿದ್ದು ಭಂಡಾರವನ್ನೇ ಹೊರತು ಭಕ್ತರನ್ನಲ್ಲ. ಭಕ್ತರ ದನಿ ನಮಗೆ ಕೇಳಿಬರುವುದು ಫಿರೂಜ್ ಷಾ ತುಘಲಕನ ಚರಿತ್ರಕಾರನಾದ ಅಫೀಫನ ಗ್ರಂಥದಲ್ಲಿ. 14ನೆಯ ಶತಮಾನದಲ್ಲಿ ನಗರಕೋಟದ ಮೇಲೆ ದಂಡೆತ್ತಿ ಹೋದ ಆ ಸುಲ್ತಾನನು ಜ್ವಾಲಾಮುಖಿಯ ದೇವಿಗೆ ಚಿನ್ನದ ಛತ್ರಿ ಹಿಡಿದನೆಂದು ಹಿಂದೂಗಳು ಹೇಳುತ್ತಿದ್ದರಂತೆ. ದಂಡಿನ ಜೊತೆಗಿದ್ದ ತನ್ನ ತಂದೆಯ ಮಾತನ್ನು ಆಧರಿಸಿ ಅಫೀಫನು ಇದನ್ನು ಸುಳ್ಳೆಂದು ಅಲ್ಲಗಳೆಯುತ್ತಾನೆ. ಛತ್ರಿಯ ಸಂಗತಿ ನಡೆಯದಿದ್ದಿರಬಹುದು. ಆದರೆ ಗೆದ್ದುಬಂದ ದೊರೆಯೂ ದೇವಿಗೆ ತಲೆಬಾಗಿದನೆಂದು ಜನರು ಹೇಳಿಕೊಳ್ಳುತ್ತಿದ್ದರೆಂಬುದು ಆ ನಿರಾಕರಣೆಯಿಂದಲೇ ಸಿದ್ಧವಾಗುತ್ತದೆ.

16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಮಹಾಮಾಯೆಯ ಈ ಸನ್ನಿಧಿಗೆ ದೂರದೂರದಿಂದ ಯಾತ್ರಿಕರು ಬರುತ್ತಾರೆಂದೂ, ಕೆಲವರು ಇಷ್ಟಾರ್ಥಕ್ಕಾಗಿ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾರೆಂದೂ ಬರೆದನು. 1620ರಲ್ಲಿ ಕಾಂಗಡಾ ಕೋಟೆಯು ಮೊಗಲರ ವಶವಾಯಿತು. 1622ರಲ್ಲಿ ಅಲ್ಲಿಗೆ ಬಂದ ಜಹಾಂಗೀರನು ಈ ಪೂಜೆಯನ್ನು ಭ್ರಾಂತಿಯೆಂದೇ ಬಗೆದನು. ಜ್ವಾಲೆಗಳಿಗೆ ಗಂಧಕದ ಗಣಿಯನ್ನು ಕಾರಣವಾಗಿ ಹೇಳಿದನು. ಹಿಂದೂಗಳಲ್ಲದೆ ಮುಸಲ್ಮಾನರೂ ಗುಂಪುಗುಂಪಾಗಿ ಬಹುದೂರದಿಂದ ಬಂದು, ಕಾಂಗಡಾದ ಕರಿಯ ಕಲ್ಲಿಗೆ ಕಾಣಿಕೆ ಸಲ್ಲಿಸುತ್ತಿದ್ದುದನ್ನು ಅವನು ಆಕ್ಷೇಪದೊಡನೆಯೇ ದಾಖಲಿಸಿದ್ದಾನೆ. ಕ್ಷೇತ್ರದ ಮಹಿಮೆಯನ್ನು ಹೆಚ್ಚಿಸುವ ಉದ್ದೇಶ ಅವನಿಗಿರಲಿಲ್ಲವಾದುದರಿಂದ ಈ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು. ಸ್ಥಳಪುರಾಣವು ಹೇಳದ ಮಾತನ್ನು ಇಲ್ಲಿ ಟೀಕಾಕಾರನು ಹೇಳಿದ್ದಾನೆ.

1905ರ ಏಪ್ರಿಲ್ 4ರ ಭೂಕಂಪದಲ್ಲಿ ಈ ಸೀಮೆಯ ಸುಮಾರು 20,000 ಜನರು ಮಡಿದರು. ವಜ್ರೇಶ್ವರಿಯ ಗುಡಿಯೂ ನೆಲಸಮವಾಯಿತು. ಇಂದು ನಾವು ಕಾಣುವುದು ತರುವಾಯ ಕಟ್ಟಿದ ದೇವಾಲಯವನ್ನು. ವಾಸ್ತುಶಿಲ್ಪವೊಂದನ್ನೇ ಅಳತೆಗೋಲಾಗಿ ಹಿಡಿದರೆ ಈ ಕ್ಷೇತ್ರವು 20ನೆಯ ಶತಮಾನದ್ದೆನಿಸೀತು. ಯಾತ್ರೆಯನ್ನು ಗಮನಿಸಿದರೆ, ಭಂಡಾರ ಬರಿದಾದರೂ ಗೋಡೆ ಉರುಳಿದರೂ ಕಡಿಯದೆ ಬಂದ ದೀರ್ಘ ಪರಂಪರೆಯೊಂದು ಗೋಚರಿಸುತ್ತದೆ. ಆದುದರಿಂದ ಬೆಟ್ಟದ ಕ್ಷೇತ್ರಗಳನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಭಕ್ತರ ಸ್ತುತಿಗಳನ್ನು ಓದಿದಷ್ಟೇ ಶ್ರದ್ಧೆಯಿಂದ, ಭಕ್ತರಲ್ಲದವರ ಬರಹಗಳನ್ನೂ ಓದುವುದು ಅವಶ್ಯಕ.