ಹೊತ್ತಿನ ಹೆಸರಿನ ಹಾಡುಗಳು



ಮೊನ್ನೆ ಏಳನೆಯ ತರಗತಿಯಲ್ಲಿ "'ಬೆಳಗು' ಪದ್ಯ ಯಾರಿಗೆ ಬರುತ್ತದೆ?" ಎಂದು ಕೇಳಿದೆವು. ಒಂದು ಕೈಯೂ ಮೇಲೇಳಲಿಲ್ಲ. ಹೋಗಲಿ ಬಿಡಿ ಎಂದು ನಾವೇ ಮೊದಲ ಸಾಲು ಎತ್ತಿಕೊಂಡೆವು. ಎರಡನೆಯ ಸಾಲಿಗೆ ಅರ್ಧ ತರಗತಿ ದನಿಗೂಡಿಸಿತು! ಹಿಂದಿನ ಸಾಲಿನ ಹುಡುಗನೊಬ್ಬ, "ಇದು ನಮಗ ಬರ್ತದ್ರಿ ಗುರೂಜಿ, ಇದರ ಹೆಸರು ಬೆಳಗು ಅಂತ ಗೊತ್ತಿದ್ದಿಲ್ಲ" ಅಂದ. ಅವನ ತಪ್ಪೇನೂ ಇಲ್ಲ. ನಮ್ಮಲ್ಲಿ ಹಾಡಿಗೆ ಮೊದಲ ಸಾಲೇ ಹೆಸರು. ಕವಿ ಇಟ್ಟ ಹೆಸರು ಪುಸ್ತಕದಲ್ಲೇ ಉಳಿದುಬಿಡುತ್ತದೆ.

ಆ ದಿನ ಮನೆಗೆ ಬಂದು ಯೋಚಿಸುತ್ತ ಕುಳಿತಾಗ ಒಂದು ವಿಷಯ ಹೊಳೆಯಿತು. ನಮ್ಮ ಶಾಲೆಗಳಲ್ಲಿ ಹೆಚ್ಚು ಹಾಡುವ ಮೂರು ಪದ್ಯಗಳ ನಿಜವಾದ ಹೆಸರು ಕಾಲಕ್ಕೆ ಸಂಬಂಧಪಟ್ಟದ್ದು. 'ಬೆಳಗು' ದಿನದ ಒಂದು ಹೊತ್ತು. 'ಯುಗಾದಿ' ವರ್ಷದ ಒಂದು ದಿನ. 'ನಿತ್ಯೋತ್ಸವ' ಎಂಬಲ್ಲಿ ಎಲ್ಲ ದಿನಗಳೂ ಬಂದವು. (ಯುಗ+ಆದಿ ಸವರ್ಣದೀರ್ಘ, ನಿತ್ಯ+ಉತ್ಸವ ಗುಣಸಂಧಿ. ಮಕ್ಕಳೇ, ಪರೀಕ್ಷೆಗೆ ಕೇಳುತ್ತೇವೆ!)

ಮೊದಲಿನ ಎರಡೂ ದ.ರಾ. ಬೇಂದ್ರೆಯವರವು. 'ಬೆಳಗು' ಇರುವುದು 1932ರಲ್ಲಿ ಬಂದ 'ಗರಿ' ಸಂಕಲನದಲ್ಲಿ. ಬೆಳಗು ಎಂದರೆ ಮುಂಜಾನೆ. ದೀಪ ಬೆಳಗು, ಆರತಿ ಬೆಳಗು, ಪಾತ್ರೆ ಬೆಳಗು ಎನ್ನುವಾಗ ಅದೇ ಕ್ರಿಯಾಪದ. ಇನ್ನೊಂದು ಭಾಷೆಗೆ ಇದನ್ನು ತಿರುಗಿಸಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಪದ್ಯದಲ್ಲಿ ಸೂರ್ಯೋದಯದ ವರ್ಣನೆ ಸಾಗುತ್ತ ಹೋಗುತ್ತದೆ, ಕೊನೆಗೆ ಕವಿ ಅದನ್ನು ಬರೀ ಹೊತ್ತು ಮೂಡುವ ಸಂಗತಿಯಾಗಿ ಬಿಡುವುದಿಲ್ಲ. ಆ ಕೊನೆಯ ನುಡಿಯನ್ನು ಏಳನೆಯ ತರಗತಿಗೆ ವಿವರಿಸಲು ನಾವು ಪ್ರತಿ ವರ್ಷ ಒದ್ದಾಡುತ್ತೇವೆ, ಮಕ್ಕಳು ಮಾತ್ರ ವಿವರಣೆ ಬೇಡದೆ ಹಾಡಿಕೊಂಡು ಹೋಗುತ್ತಾರೆ.

ಪುಸ್ತಕ ಬಂದು 35 ವರ್ಷಗಳ ಮೇಲೆ, 1967ರಲ್ಲಿ, ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ಚಿತ್ರಕ್ಕೆ ಈ ಪದ್ಯ ಬಂತು. ಕತೆ ತ್ರಿವೇಣಿಯವರ ಕಾದಂಬರಿಯದು, ಸಂಗೀತ ವಿಜಯಭಾಸ್ಕರ್, ಹಾಡಿದವರು ಎಸ್. ಜಾನಕಿ. ಇನ್ನು 'ಯುಗಾದಿ' ಅದಕ್ಕಿಂತ ನಾಲ್ಕು ವರ್ಷ ಮೊದಲೇ ತೆರೆಗೆ ಬಂದಿತ್ತು. 1963ರ 'ಕುಲವಧು', ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ಅಲ್ಲಿಯೂ ಕಂಠ ಜಾನಕಿಯವರದೇ. ಬೇಂದ್ರೆಯವರ ಪದ್ಯಗಳಿಗೆ ಜಾನಪದದ ಲಯ ಮೊದಲೇ ಇದೆ, ಓದಿದರೆ ಕಾಲು ತಾನೇ ತಾಳ ಹಾಕುತ್ತದೆ. ಸಂಗೀತ ನಿರ್ದೇಶಕರು ಅದರ ಕೈಹಿಡಿದು ನಡೆದರೆ ಸಾಕಾಗಿರಬೇಕು ಎಂದು ನಮಗೆ ಅನಿಸುತ್ತದೆ.

ಹಬ್ಬದ ದಿನ ಈ ಹಾಡನ್ನು ಕೇಳುವವರು ಮೊದಲ ನುಡಿಯ ಸಂಭ್ರಮಕ್ಕೇ ನಿಂತುಬಿಡುತ್ತಾರೆ. ಮುಂದೆ ಓದಿದರೆ ಪದ್ಯದಲ್ಲಿ ಒಂದು ತಕರಾರು ಇದೆ. ಗಿಡಮರಗಳಿಗೆ ವರ್ಷಕ್ಕೊಮ್ಮೆ ಹೊಸ ಹುಟ್ಟು ಸಿಗುತ್ತದೆ, ಮನುಷ್ಯನಿಗೆ ಮಾತ್ರ ಬಾಲ್ಯವೂ ಹರೆಯವೂ ಒಂದೊಂದೇ ಸಲ ಯಾಕೆ ಎಂಬ ಪ್ರಶ್ನೆ ಅದು. ಹೋಳಿಗೆ ಉಂಡು ಕೇಳುವ ಹಾಡಿನ ಹೊಟ್ಟೆಯಲ್ಲಿ ಇಷ್ಟು ದುಃಖ ಇದೆ ಎಂಬುದು ನಮಗೂ ನಲವತ್ತು ದಾಟಿದ ಮೇಲೆಯೇ ತಿಳಿದದ್ದು.

ಸೊಲ್ಲಾಪುರದ ಕಡೆಯ ನಮಗೆ ಬೇಂದ್ರೆಯವರು ದೂರದವರಲ್ಲ. ಧಾರವಾಡದಲ್ಲಿ 1896ರ ಜನವರಿ 31ರಂದು ಹುಟ್ಟಿ, ಪುಣೆಯಲ್ಲಿ ಓದಿ, ಮಾಸ್ತರಿಕೆ ಮಾಡಿದವರು. 'ನರಬಲಿ' ಪದ್ಯಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತ್ತು. ಅಂಥವರು 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದರು. ಒಂದೆರಡು ವರ್ಷ ಅಲ್ಲ, 1956ರವರೆಗೆ ಹನ್ನೆರಡು ವರ್ಷ ಇಲ್ಲಿ ಪಾಠ ಹೇಳಿದರು. ಆಮೇಲೆ ಧಾರವಾಡ ಆಕಾಶವಾಣಿಯ ಸಲಹೆಗಾರರಾಗಿ ಹೊರಟರು. ಅದೇ 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಹೊಸದಾಗಿ ಬಿತ್ತು. ಧಾರವಾಡ, ವಿಜಾಪುರ ಮೈಸೂರು ರಾಜ್ಯಕ್ಕೆ ಹೋದವು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಈ ಹನ್ನೆರಡು ವರ್ಷದ ಮಾತು ನಮ್ಮ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬೇಂದ್ರೆ ಎಂದರೆ ಧಾರವಾಡ ಎಂದಷ್ಟೇ ಬರೆದು ಎರಡು ಅಂಕ ತೆಗೆದುಕೊಳ್ಳುತ್ತಾರೆ.

'ನಿತ್ಯೋತ್ಸವ'ದ ದಾರಿ ಬೇರೆ. ಅದಕ್ಕೆ ಸಿನಿಮಾ ಬೇಕಾಗಲಿಲ್ಲ. ಕವಿ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದಲ್ಲಿಯೂ ಪಾಠ ಹೇಳಿದವರು. ಪದ್ಯದಲ್ಲಿ ಜೋಗ, ತುಂಗೆ ಬರುವುದು ನಕ್ಷೆ ನೋಡಿ ಅಲ್ಲ. ಮೈಸೂರು ಅನಂತಸ್ವಾಮಿ ರಾಗ ಹಾಕಿದರು, 1978ರಲ್ಲಿ ಕ್ಯಾಸೆಟ್ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಅದಕ್ಕೂ ಮುಂಚೆ ಪಿ. ಕಾಳಿಂಗರಾಯರಂಥವರು ವೇದಿಕೆ ಮೇಲೆ, ರೇಡಿಯೋದಲ್ಲಿ ಕವಿತೆ ಹಾಡಿ ಜನಪ್ರಿಯ ಮಾಡಿದ್ದರು, ಆದರೆ ರೇಡಿಯೋ ಹಾಡು ಹಾಕಿದಾಗಲೇ ಕೇಳಬೇಕು. ಕ್ಯಾಸೆಟ್ ಹಾಗಲ್ಲ. ಬೇಕಾದಾಗ ಹಿಂದೆ ತಿರುಗಿಸಬಹುದು, ಸಡಿಲಾದರೆ ಪೆನ್ಸಿಲ್ ಹಾಕಿ ಸುತ್ತಬಹುದು. ನಾವು ಚಿಕ್ಕವರಿದ್ದಾಗ ಊರಲ್ಲಿ ಇದ್ದ ಒಂದೇ ಕ್ಯಾಸೆಟ್ಟು ಮನೆಯಿಂದ ಮನೆಗೆ ತಿರುಗಿ, ಕೊನೆಗೆ ಗಾಯಕರ ದನಿಯೇ ಗೊಗ್ಗರಾಗಿತ್ತು. ನಾವೂ ಹಾಗೆಯೇ ಹಾಡಲು ಕಲಿತಿದ್ದೆವು!

ಕಳೆದ ಜೂನ್‌ನಲ್ಲಿ ಪಾಲಕರೊಬ್ಬರು ಶಾಲೆಗೆ ಬಂದಿದ್ದರು. ನೇಕಾರರು, ಮನೆಮಾತು ತೆಲುಗು. ಮಗಳ ದಾಖಲೆ ತೆಗೆಸಿ ಬೇರೆ ಶಾಲೆಗೆ ಹಾಕುವ ವಿಚಾರ. "ನಮ್ಮ ಮನ್ಯಾಗ ಕನ್ನಡ ಇಲ್ರಿ ಗುರೂಜಿ, ಆಕಿಗೆ ಇದು ಹೆಂಗ ಹತ್ತಬೇಕು?" ಎಂದರು. ಮಗಳು ಪಕ್ಕದಲ್ಲೇ ನೆಲ ನೋಡುತ್ತ ನಿಂತಿದ್ದಳು. ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುವವಳು ಅವಳೇ. ನಮಗೆ ತಟ್ಟನೆ ಹೊಳೆದದ್ದು ಈ ಹಾಡುಗಳೇ. ಬೇಂದ್ರೆಯವರ ಮನೆಮಾತು ಮರಾಠಿ, ಅವರು ಮರಾಠಿಯಲ್ಲಿಯೂ ಬರೆದವರು. ನಿಸಾರ್ ಅವರ ಮನೆಯಲ್ಲಿ ಉರ್ದು. ಜಾನಕಿಯವರು ಹುಟ್ಟಿದ್ದು ಆಂಧ್ರದ ಗುಂಟೂರು ಜಿಲ್ಲೆಯಲ್ಲಿ, ಮಾತು ತೆಲುಗು. ಇದನ್ನೆಲ್ಲ ಅವರೆದುರು ಹೇಳಿದೆವು. ಜಾನಕಿಯವರ ಹೆಸರು ಬಂದಾಗ ಅವರು ತಲೆ ಎತ್ತಿ, "ಜಾನಕಮ್ಮ? ಆಕಿ ನಮ್ಮಾಕಿ ಅಲ್ರೀ?" ಎಂದರು. "ನಮ್ಮಾಕಿನೂ ಹೌದ್ರಿ" ಎಂದೆವು.

ಅವರು ನಕ್ಕರು. ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ದೀಪಾವಳಿವರೆಗೆ ನೋಡೋಣ ಎಂದು ಹೋದರು. ದೀಪಾವಳಿ ಮುಗಿಯಿತು, ಹುಡುಗಿ ಇನ್ನೂ ನಮ್ಮಲ್ಲೇ ಇದ್ದಾಳೆ. ಬರುವ ಪಾಡ್ಯಕ್ಕೆ ಅವಳಿಂದ 'ಯುಗಾದಿ' ಹಾಡಿಸುವುದು ಎಂದು ಗೊತ್ತುಮಾಡಿದ್ದೇವೆ, ಈ ಸಲ ಎಲ್ಲ ನುಡಿಗಳನ್ನೂ.