ಸೊಕ್ಕಿದ್ದವರ ಯಾಣ, ಎಲ್ಲರ ಯಾಣ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಉತ್ತರ ಕನ್ನಡದವರ ಬಾಯಲ್ಲಿ ಇಂದಿಗೂ ಇದೆ. ಗೋಕರ್ಣದ ಯಾತ್ರೆಗೆ ಕೈಯಲ್ಲಿ ನಾಲ್ಕು ಕಾಸು ಬೇಕಿತ್ತು. ಕುಮಟಾ ತಾಲೂಕಿನ ಯಾಣಕ್ಕೆ ಹೊರಟವನಿಗೆ ಬೇಕಿದ್ದದ್ದು ಕಾಲಿನ ಕಸುವು, ಎದೆಯ ಗುಂಡಿಗೆ. ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ ಸುಮಾರು 16 ಕಿಲೋಮೀಟರ್ ನಡೆಯಬೇಕಿತ್ತು. ಮಳೆಗಾಲವಾದರೆ ತುಂಬಿದ ಹಳ್ಳ ದಾಟಬೇಕು, ಕಾಲಿಗೇರುವ ಉಂಬಳಗಳನ್ನು ಕಿತ್ತು ಹಾಕುತ್ತ ಸಾಗಬೇಕು.

ಇಷ್ಟು ಕಷ್ಟಪಟ್ಟು ಹೋಗುತ್ತಿದ್ದುದು ಎರಡು ಕರಿಬಂಡೆಗಳ ಬುಡಕ್ಕೆ. ಭೈರವೇಶ್ವರ ಶಿಖರ 120 ಮೀಟರ್, ಅಂದರೆ ವಿಜಯಪುರದ ಗೋಳಗುಮ್ಮಟದ ಎರಡು ಪಟ್ಟಿಗೂ ಹೆಚ್ಚು ಎತ್ತರ. ಪಕ್ಕದ ಮೋಹಿನಿ ಶಿಖರ 90 ಮೀಟರ್. ಮೋಹಿನಿಯ ಕುಣಿತಕ್ಕೆ ಮರುಳಾದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದದ್ದು ಇಲ್ಲಿಯೇ, ಬಂಡೆ ಕಪ್ಪಾದದ್ದು ಆ ಬೆಂಕಿಯಿಂದಲೇ ಎನ್ನುತ್ತದೆ ಸ್ಥಳಪುರಾಣ.

ಭೂವಿಜ್ಞಾನದ ಪ್ರಕಾರ ಇದು ಸುಣ್ಣಕಲ್ಲು. ಮಳೆನೀರು ಗಾಳಿಯಿಂದಲೂ ಕೊಳೆತ ತರಗೆಲೆಯ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತ ಇಳಿಯುತ್ತದೆ. ಬಂಡೆಯ ನೆತ್ತಿ ಕತ್ತಿಯಲಗಿನಂತೆ ಚೂಪಾದದ್ದು, ಒಡಲಲ್ಲಿ ಗುಹೆ ಕೊರೆದದ್ದು ಈ ನೀರೇ. ಗುಹೆಯೊಳಗಿನ ಉದ್ಭವಲಿಂಗದ ಮೇಲೆ ಹನಿಹನಿಯಾಗಿ ತೊಟ್ಟಿಕ್ಕುವುದೂ ಕಲ್ಲಿನೊಳಗಿಂದ ಬಸಿದ ನೀರು. ಭಕ್ತರಿಗೆ ಅದು ಗಂಗೆ. ಶಿವರಾತ್ರಿಯ ಜಾತ್ರೆಯ ಸಮಯದಲ್ಲಿ ಇಲ್ಲಿನ ತೀರ್ಥವನ್ನು ಗೋಕರ್ಣದ ಮಹಾಬಲೇಶ್ವರನಿಗೆ ಒಯ್ಯುವ ರೂಢಿಯೂ ಇದೆ. ಗಾದೆ ಬೇರೆ ಮಾಡಿದ ಎರಡು ಊರುಗಳನ್ನು ಹೀಗೆ ತೀರ್ಥ ಕೂಡಿಸಿದೆ.

ಯಾಣದ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದ್ದು ಸಿನಿಮಾ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನದ, 1996ರ ‘ನಮ್ಮೂರ ಮಂದಾರ ಹೂವೆ’ಯಲ್ಲಿ ಈ ಬಂಡೆಗಳನ್ನು ಕಂಡವರು ಊರೂರುಗಳಿಂದ ಹುಡುಕಿಕೊಂಡು ಬಂದರು. ಮುಂದೆ ರಸ್ತೆಯೂ ಸುಧಾರಿಸಿತು.

ಈಗ ಶಿರಸಿ ಕಡೆಯಿಂದ ವಾಹನದಲ್ಲಿ ಬಂದರೆ ನಡೆಯಬೇಕಾದದ್ದು ಅರ್ಧ ಕಿಲೋಮೀಟರಿನಷ್ಟು. ಕಾಡಿನ ನೆರಳು, ಪಕ್ಕದಲ್ಲಿ ತೊರೆಯ ಸದ್ದು, ಕೊನೆಗೆ ಮೆಟ್ಟಿಲು. ಮಕ್ಕಳು ಮುಂದೆ ಓಡುತ್ತಾರೆ, ಅಜ್ಜಿಯಂದಿರು ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಬರುತ್ತಾರೆ. ದೇವರ ದರ್ಶನ ಗಟ್ಟಿ ಮೈಯವರ ಪಾಲಿಗಷ್ಟೇ ಉಳಿಯದೆ ಮಂಡಿನೋವಿನವರಿಗೂ ಸಿಕ್ಕಿತಲ್ಲ, ಅದು ಸಣ್ಣ ಲಾಭವಲ್ಲ. ಬಂಡೆಗೆ ಸುತ್ತು ಬರುವವರು ಚಪ್ಪಲಿ ಬಿಟ್ಟು ಸೀಳಿನೊಳಗೆ ನಡೆಯಬೇಕು. ಎರಡೂ ಬದಿಗೆ ತಣ್ಣನೆಯ ಗೋಡೆ, ತಲೆಯ ಮೇಲೆ ಆಕಾಶದ ಸಣ್ಣ ತುಂಡು. ಅಲ್ಲಿ ಕೂಗಿ ಪ್ರತಿಧ್ವನಿ ಕೇಳುವ ಆಸೆ ಮಕ್ಕಳಿಗೆ ಸಹಜ. ಆದರೆ ಬಂಡೆಯ ಮೇಲ್ಮೈಯಲ್ಲಿ ಹೆಜ್ಜೇನಿನ ಹಲ್ಲೆಗಳು ತೂಗುತ್ತಿರುತ್ತವೆ. ಗದ್ದಲವಾಗಲಿ ಹೊಗೆಯಾಗಲಿ ಆದರೆ ಹುಳುಗಳು ಏಳುತ್ತವೆ. ಆದ್ದರಿಂದ ಮೆಟ್ಟಿಲು ಹತ್ತುವ ಮೊದಲೇ ಮಕ್ಕಳಿಗೆ ಅದನ್ನು ಹೇಳಿಟ್ಟಿರಬೇಕು.