ಗುಳೆಯ ಲೆಕ್ಕ

ಮಹಾಮಾರಿಯ ತರುವಾಯ ಪಟ್ಟಣವೊಂದು ಚೇತರಿಸಿಕೊಂಡಿತೆಂಬುದನ್ನು ಅಂಗಡಿಗಳ ವಹಿವಾಟಿನಿಂದಲೂ ತೆರಿಗೆಯ ಉತ್ಪತ್ತಿಯಿಂದಲೂ ಅಳೆಯುವುದು ವಾಡಿಕೆಯಾದರೂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲುಸೀಮೆಗೆ ಆ ಅಳತೆಗೋಲು ಸಾಲದು. ಇಲ್ಲಿಯ ಸುಖದುಃಖಗಳ ನಿಜವಾದ ಲೆಕ್ಕವಿರುವುದು ಗುಳೆಯೆಂಬ ಒಂದು ಮಾತಿನಲ್ಲಿ.

ಈ ಸೀಮೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876ರಿಂದ 78ರವರೆಗಿನ ಮಹಾಕ್ಷಾಮವು ಊರೂರುಗಳನ್ನು ಬರಿದು ಮಾಡಿತು; 1918ರಲ್ಲಿ ಮಳೆ ಕೈಕೊಟ್ಟ ವರ್ಷವೇ ಇನ್‌ಫ್ಲುಯೆಂಜಾ ಬಂದೆರಗಿತು. ಬಿತ್ತಿದ್ದು ಕೈಗೆ ಬಾರದ ವರ್ಷ ಮುದುಕರನ್ನು ಮನೆಯಲ್ಲಿ ಬಿಟ್ಟು, ಗಂಟುಮೂಟೆ ಕಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯೊಂದಿಗೆ ಕೂಲಿಯನ್ನರಸಿ ಗುಳೆ ಹೊರಡುವುದು ಇಲ್ಲಿಯ ಬಡವರಿಗೆ ರೂಢಿಯಾಗಿಹೋಗಿದೆ.

2020ರ ಮಾರ್ಚಿನ ಲಾಕ್‌ಡೌನ್ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದವರೂ ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದವರೂ ಬರಿಗೈಯಲ್ಲಿ ಊರಿಗೆ ಮರಳಿದರು. ಬಹುಕಾಲ ನಿಂತಿದ್ದು 2019ರ ಅಕ್ಟೋಬರಿನಲ್ಲಿ ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ ಓಡತೊಡಗಿದ್ದ ರೈಲು ಆರು ತಿಂಗಳು ತುಂಬುವ ಮೊದಲೇ ಮತ್ತೆ ನಿಂತಿತು. ಹಡಗಲಿಯ ಮಲ್ಲಿಗೆಗಾದರೋ ಅದು ಸುಗ್ಗಿಯ ಕಾಲ. ಮೊಗ್ಗನ್ನು ನಸುಕಿನಲ್ಲಿಯೇ ಬಿಡಿಸಿ, ಬಿರಿಯುವ ಮುನ್ನ ಪೇಟೆ ಮುಟ್ಟಿಸಬೇಕು. ಬಸ್ಸಿಲ್ಲ, ಮದುವೆಯಿಲ್ಲ, ಗುಡಿಗಳ ಬಾಗಿಲು ತೆರೆದಿಲ್ಲ. ಗಿಡದಲ್ಲಿಯೇ ಅರಳಿದ ಹೂವು ಊರೆಲ್ಲ ಕಂಪನ್ನು ಬೀರಿ ಬಿಡಿಗಾಸನ್ನೂ ತಾರದೆ ಬಾಡಿತು. ಬೆಳೆದವನಿಗೆ ಆ ಕಂಪಿಗಿಂತ ಕ್ರೂರವಾದುದು ಬೇರೆ ಯಾವುದಿದ್ದೀತು!

ಆ ಬೇಸಗೆಯಲ್ಲಿ ಜನರ ಕೈಹಿಡಿದದ್ದು ಉದ್ಯೋಗ ಖಾತ್ರಿ. ದಿನಕ್ಕೆ 275 ರೂಪಾಯಿ ಕೂಲಿ. ಕೆಲಸ, ಕೆರೆಯ ಹೂಳೆತ್ತುವುದು. ಅಲ್ಪವೆನ್ನಬಹುದು, ಆದರೆ ತನ್ನೂರಿನ ಕೆರೆಯಂಗಳದಲ್ಲಿ, ತನ್ನ ಮಕ್ಕಳ ಕಣ್ಣೆದುರಿನಲ್ಲಿ ದುಡಿದ ಕೂಲಿಯದು.

ಮುಂದೆ ನಿರ್ಬಂಧಗಳು ಸಡಿಲಗೊಂಡು, ಬಸ್ಸುಗಳು ಓಡಾಡತೊಡಗಿದುವು; 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಯೊಳಗಾದುವು. ಮಲ್ಲಿಗೆಗೆ ಬೆಲೆ ಬಂದಿತು. ಹಡಗಲಿಯ ಪಾಲಿಗೆ ಅದು ನಿಸ್ಸಂದೇಹವಾದ ಚೇತರಿಕೆ. ಆದರೆ ಕೂಡ್ಲಿಗಿಯ ಕೂಲಿಕಾರರು ಮತ್ತೆ ಬೆಂಗಳೂರಿನ ಬಸ್ಸು ಹತ್ತಿದುದನ್ನು ಏನೆಂದು ಬರೆದುಕೊಳ್ಳೋಣ? ರಾಜಧಾನಿಯ ವಹಿಯಲ್ಲಿ ಅದು ಜಮೆ. ನಾನದನ್ನು ಈ ಸೀಮೆಯ ವಹಿಯಲ್ಲಿ ಖರ್ಚಿನ ಕಡೆಗೇ ಬರೆಯುವೆನು. ಏಕೆಂದರೆ ಬಸ್ಸು ಹೊರಟ ಮೇಲೆ ಬೀಗವಿಕ್ಕಿದ ಬಾಗಿಲ ಮುಂದಿನ ಕಟ್ಟೆಯಲ್ಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಅಜ್ಜಿ, ಕೊಟ್ಟೂರ ತೇರಿಗಾದರೂ ಬಂದಾರೆಂದು ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಿರುತ್ತಾಳೆ.